ಎತ್ತು ತಿರುಗುವ ಕಡೆ

ಸೂರ್ಯ ಇನ್ನೂ ನೆಲ ಬಿಟ್ಟು ಪೂರ್ತಿ ಎದ್ದಿಲ್ಲ. ಆರ್ಡಿಸ್ ಬ್ರೆಕ್ಕೆ ಹುಲ್ಲುಗುಡ್ಡದ ಮೇಲೆ ಬೋರಲಾಗಿ ಮಲಗಿ, ಮುಷ್ಟಿಯ ಮೇಲೆ ಗಲ್ಲವಿಟ್ಟು ನೆರಳು ನೋಡುತ್ತಿದ್ದಾರೆ. ಮಧ್ಯಾಹ್ನ ಬಂದರೆ ಇದು ಬರೀ ಹುಲ್ಲು. ಬೆಳಗಿನ ಓರೆ ಬಿಸಿಲು ಬಿದ್ದಾಗ ಮಾತ್ರ, ಕುಸಿದು ಮಣ್ಣಾದ ಮನೆಗಳ ಗೋಡೆ ಗುರುತು ನೆಲದಿಂದ ಮೆಲ್ಲಗೆ ಮೇಲೇಳುತ್ತದೆ.

"ಸಾಕು ಏಳಮ್ಮ ಆರ್ಡಿಸ್, ಮಂಡಿ ಹಿಡ್ಕೊಂಡ್ರೆ ಟ್ರ್ಯಾಕ್ಟರ್ ಕಟ್ಟಿ ಎಳೀಬೇಕಾಗತ್ತೆ!" ಎಂದು ಕಾರಿನೊಳಗಿಂದ ಕೂಗುತ್ತಾರೆ ಏವಿಸ್ ಸ್ಟೆನ್ಸ್‌ಲಾಂಡ್. ವಯಸ್ಸು ಎಂಬತ್ತು ದಾಟಿದೆ. ತೊಡೆಯ ಮೇಲೆ ಕಾಫಿ ಫ್ಲಾಸ್ಕು, ಬಟ್ಟೆಯಲ್ಲಿ ಸುತ್ತಿದ ಲೆಫ್ಸೆ ರೊಟ್ಟಿ.

"ಕಾಫಿ ನೀವೇ ಮುಗಿಸ್ಬೇಡಿ, ಬಂದೆ" ಎನ್ನುತ್ತಾರೆ ಆರ್ಡಿಸ್. ಏಳುವುದಿಲ್ಲ.

ಉತ್ತರ ಡಕೋಟಾದ ಈ ಬಯಲಿನಲ್ಲಿ ಆರ್ಡಿಸ್ ಬೆಳಗ್ಗೆ ಶಾಲೆಯ ಬಸ್ಸು ಓಡಿಸುತ್ತಾರೆ. ಮಕ್ಕಳನ್ನು ಇಳಿಸಿದ ಮೇಲೆ ಕೌಂಟಿ ಕಚೇರಿಯ ಭೂದಾಖಲೆ ಕೋಣೆ. ಅಲ್ಲಿಗೆ ದಿನಕ್ಕೆ ನಾಲ್ಕಾರು ಫೋನು ಬರುತ್ತವೆ. 'ನಮ್ಮ ಮುತ್ತಜ್ಜ ಮೊದಲು ಉತ್ತ ನೆಲ ಎಲ್ಲಿದೆ ನೋಡಿ ಹೇಳ್ತೀರಾ?' ಎಲ್ಲರದೂ ಇದೇ ಪ್ರಶ್ನೆ. ಸರ್ಕಾರ ಕೊಟ್ಟ ಜಮೀನಿನ ಪಟ್ಟೆ ಹುಡುಕಬೇಕು, ಜನಗಣತಿಯ ಹಾಳೆ ತಾಳೆ ನೋಡಬೇಕು. ಅದೂ ಸುಲಭವಲ್ಲ. ನಾರ್ವೆಯಿಂದ ಬಂದವರು ಹಡಗಿನಲ್ಲಿ ಅಪ್ಪನ ಹೆಸರು, ಪಟ್ಟೆಯಲ್ಲಿ ಊರ ಹೊಲದ ಹೆಸರು ಕೊಟ್ಟವರು; ಗಣತಿಯವನು ತನ್ನ ಕಿವಿಗೆ ಬಿದ್ದದ್ದನ್ನು ಬರೆದುಕೊಂಡವನು. "ಒಬ್ಬ ಮನುಷ್ಯನಿಗೆ ಮೂರು ಹೆಸರು. ಅಂಗಿ ಮಾತ್ರ ಒಂದೇ ಇತ್ತಂತೆ" ಎಂದು ಆರ್ಡಿಸ್ ನಗುತ್ತಾರೆ.

ಏವಿಸ್ ಅವರಿಗೆ ಬೇಕಿರುವುದು ಮಣ್ಣಿನ ಹೆಂಟೆಗಳಿಂದ ಕಟ್ಟಿದ ಒಂದು ಮನೆಯ ಜಾಗ. ಅವರ ಅಜ್ಜಿ ಗುನ್ಹಿಲ್ಡ್, ಅಜ್ಜ ತೋರ್ಯುಸ್ ಮೊದಲ ಚಳಿಗಾಲ ಕಳೆದದ್ದು ಅಲ್ಲಿ. ಚೊಚ್ಚಲ ಮಗು ತೀರಿಕೊಂಡದ್ದೂ ಅಲ್ಲಿಯೇ. ಮಗುವನ್ನು ಬಾಗಿಲಿಗೆ ಕಾಣುವ ಹಾಗೆ ಮಲಗಿಸಿ, ತಲೆಯ ಬಳಿ ಲೈಲಾಕ್ ಹೂಗಿಡ ನೆಟ್ಟರೆಂದು ಮನೆಯ ಮಾತು. ಮಾತು ಸುಳ್ಳಲ್ಲ. ಸಾವಿರದ ಒಂಬೈನೂರರ ಗಣತಿಯಲ್ಲಿ ತಾಯಂದಿರನ್ನು ಎರಡು ಪ್ರಶ್ನೆ ಕೇಳಿದ್ದರು: ಹೆತ್ತದ್ದೆಷ್ಟು, ಉಳಿದದ್ದೆಷ್ಟು. ಗುನ್ಹಿಲ್ಡ್ ಹೆಸರಿನ ಮುಂದೆ ಮೂರು, ಎರಡು ಎಂದಿದೆ.

ಈ ವಾರ ಮುಗಿದರೆ ಗುಡ್ಡ ಉಳಿಯುವುದಿಲ್ಲ. ರಸ್ತೆಗೆ ಜಲ್ಲಿ ತೆಗೆಯಲು ಸೋಮವಾರ ಯಂತ್ರ ಬರುತ್ತದೆ. "ಸಮಾಧಿ ಇದ್ರೆ ಮುಟ್ಟಲ್ಲ, ಆದ್ರೆ ಎಲ್ಲಿ ಅಂತ ತೋರಿಸ್ಬೇಕು" ಎಂದಿದ್ದಾನೆ ರಸ್ತೆ ಮೇಸ್ತ್ರಿ.

ತೋರಿಸಲು ಇಷ್ಟು ವರ್ಷ ಯಾಕೆ ಬೇಕಾಯಿತು? ಸ್ಟೆನ್ಸ್‌ಲಾಂಡ್ ಮನೆತನ ಇದೇ ಆ ಜಾಗವೆಂದುಕೊಂಡು ಎಂದೋ ಗ್ರಾನೈಟ್ ಕಲ್ಲು ನಿಲ್ಲಿಸಿತ್ತು. ಪ್ರತಿ ಬೇಸಿಗೆ ಅದರ ಸುತ್ತ ಕೂತು ಹಾಡಿ, ಉಂಡು, ಹೂವಿಟ್ಟು ಬರುತ್ತಿತ್ತು. ಆದರೆ ಕಲ್ಲು ಇದ್ದದ್ದು ಇಲ್ಲಿಂದ ಐದು ಮೈಲಿ ಪೂರ್ವಕ್ಕೆ, ಜರ್ಮನ್ ಮೂಲದ ಆಲ್ವಿನ್ ವೆಟ್ಸ್‌ಟೈನ್ ಅವರ ಹಂದಿ ಹಟ್ಟಿಯ ಪಕ್ಕ. ಅಜ್ಜಿಕಥೆಗಳಲ್ಲಿ ಮನೆಗಳು ಕತ್ತಲಾದ ಮೇಲೆ ಎದ್ದು ನಡೆಯುತ್ತವೆ. ಈ ಮನೆ ಹಾಗೆ ನಡೆದಿರಲಿಲ್ಲ. ಅದನ್ನು ನಡೆಸಿದ್ದು ಪಟ್ಟಣದಿಂದ ಬಂದಿದ್ದ ಏವಿಸ್ ಅವರ ಅಣ್ಣ.

ಪಟ್ಟೆಯಲ್ಲಿ 'ಆರನೇ ಚೌಕ' ಎಂದಿತ್ತು. ಸರ್ಕಾರದ ನಕ್ಷೆಯಲ್ಲಿ ಮೈಲಿಯಗಲದ ಚೌಕಗಳು, ಸಾಲಿಗೆ ಆರು. ಅಣ್ಣ ಪುಸ್ತಕ ಓದುವ ಹಾಗೆ ಎಡದಿಂದ ಎಣಿಸಿ ಬಲತುದಿಗೆ ಹೋದರು. ನೆಲ ಅಳೆದವರು ಎಣಿಸಿದ್ದು ಎತ್ತು ಉಳುವ ಹಾಗೆ. ಮೊದಲ ಸಾಲು ಬಲದಿಂದ ಎಡಕ್ಕೆ, ಅಲ್ಲಿ ತಿರುಗಿ ಎರಡನೆಯದು ಎಡದಿಂದ ಬಲಕ್ಕೆ. ಆರನೆಯದು ಎತ್ತು ಮೊದಲ ಸಲ ತಿರುಗುವ ಎಡ ಮೂಲೆ, ಅಂದರೆ ಪಶ್ಚಿಮದ ಈ ಗುಡ್ಡ.

"ಅಲ್ಲಿದ್ದ ಜರ್ಮನ್ನರನ್ನ ಒಂದು ಮಾತು ಕೇಳಿದ್ರೆ ಮುಗೀತಿತ್ತು" ಎಂದು ಮಲಗಿದಲ್ಲಿಂದಲೇ ಕೂಗುತ್ತಾರೆ ಆರ್ಡಿಸ್. "ನಮ್ಮೋರು ಕೇಳ್ತಾರಾ? ಅವರದು ಬೇರೆ ಚರ್ಚು!"

ಗುಡ್ಡ ನೋಡಲೆಂದು ಬಂದಿರುವ ಆಲ್ವಿನ್ ಕಾರಿಗೆ ಒರಗಿ ನಿಂತಿದ್ದಾರೆ. "ನಮ್ಮಪ್ಪಂಗೆ ಗೊತ್ತಿತ್ತು. ಕಲ್ಲಿರೋದು ಮೊದಲಿಂದ್ಲೂ ನಮ್ಮ ಜಮೀನು. ಆದ್ರೆ ನೀವೆಲ್ಲ ಇಸ್ತ್ರಿ ಬಟ್ಟೆ ಹಾಕ್ಕೊಂಡು, ಕಣ್ಣೀರು ಹಾಕ್ಕೊಂಡು ಬಂದ್ರಿ. ಹೆಂಗೆ ಹೇಳೋದು? ನೀವು ಬರೋ ದಿನ ಹಂದಿಗಳನ್ನ ಆಚೆ ಹೊಡೀತಿದ್ರು, ಅಷ್ಟೆ."

"ಉಫ್ ದಾ!" ಎಂದು ನಾರ್ವೆ ಭಾಷೆಯಲ್ಲಿ ಉದ್ಗರಿಸುತ್ತಾರೆ ಏವಿಸ್. "ನಮ್ಮಜ್ಜಿ ಮನೆ ಅಂತ ನಿಮ್ಮ ಹಂದಿಗೆ ಹಾಡು ಹೇಳಿದ್ನಾ ನಾನು?"

"ಹೇಳಿದ್ರಿ. ಚೆನ್ನಾಗಿ ಕೊಬ್ಬಿದ್ವು."

ಏವಿಸ್ ಮುಖ ಬಿಗಿಯುತ್ತಾರೆ. ಆಮೇಲೆ ನಗು ತಡೆಯಲಾಗದೆ ಫ್ಲಾಸ್ಕಿನ ಮುಚ್ಚಳದಲ್ಲಿ ಆಲ್ವಿನ್‌ಗೂ ಕಾಫಿ ಬಗ್ಗಿಸುತ್ತಾರೆ.

ಅಷ್ಟರಲ್ಲಿ ಗುಡ್ಡದ ಮೇಲೆ ಆರ್ಡಿಸ್ ಕೈ ಎತ್ತಿದ್ದಾರೆ. ಹುಲ್ಲಿನಲ್ಲಿ ಒಂದು ಆಯತ ಕರ್ರಗೆ ಮೂಡಿದೆ. ದಕ್ಷಿಣದ ಬದಿಯಲ್ಲಿ ನೆರಳು ತುಂಡಾಗಿದೆ. ಅದು ಬಾಗಿಲು. ಬಾಗಿಲಿನಿಂದ ನೇರಕ್ಕೆ, ದನಗಳು ಮೇದು ಮೊಣಕಾಲೆತ್ತರಕ್ಕೆ ಕುಗ್ಗಿದ ಲೈಲಾಕ್ ಪೊದೆ. ಅದರ ಬುಡದಲ್ಲಿ ಹೊಲದ ಕಲ್ಲುಗಳ ಒಂದು ಸುತ್ತು, ನಡುವೆ ತೊಟ್ಟಿಲಗಲದ ತಗ್ಗು. ಆರ್ಡಿಸ್ ಅಗೆಯುವುದಿಲ್ಲ. ಅದರ ನಾಲ್ಕು ಕಡೆ ಕಡ್ಡಿ ನೆಟ್ಟು ಕೆಂಪು ಪಟ್ಟಿ ಕಟ್ಟುತ್ತಾರೆ.

ಆಲ್ವಿನ್ ತೋಳು ಹಿಡಿದು ಏವಿಸ್ ಮೇಲೆ ಬರುತ್ತಾರೆ. ತಗ್ಗಿನ ಬಳಿ ಬಾಗಲಾರದೆ ಊರುಗೋಲಿನ ತುದಿಯಿಂದ ಒಂದು ಕಲ್ಲು ಮುಟ್ಟುತ್ತಾರೆ. "ಚಿಕ್ಕದು" ಎನ್ನುತ್ತಾರೆ.

ಬಿಸಿಲು ಏರಿ ಮನೆ ಮತ್ತೆ ಹುಲ್ಲಾಗುವ ಹೊತ್ತಿಗೆ ರಸ್ತೆ ಮೇಸ್ತ್ರಿ ಬಂದು, ಪಟ್ಟಿ ನೋಡಿ, ಟೋಪಿ ತೆಗೆದು, ತನ್ನ ಗಡಿಗೂಟಗಳನ್ನು ಕಿತ್ತು ಗುಡ್ಡದ ಆ ಬದಿಗೆ ನೆಡುತ್ತಾನೆ. ಗ್ರಾನೈಟ್ ಕಲ್ಲನ್ನು ತನ್ನ ಟ್ರ್ಯಾಕ್ಟರಿನಲ್ಲೇ ತಂದು ಕೊಡುವುದಾಗಿ ಆಲ್ವಿನ್ ಹೇಳುತ್ತಾರೆ.

"ಕಲ್ಲಿನ ಮೇಲೆ ನಿನ್ನ ಹೆಸರೂ ಹಾಕಿಸ್ತೀನಿ ಆರ್ಡಿಸ್" ಎನ್ನುತ್ತಾರೆ ಏವಿಸ್.

ಆರ್ಡಿಸ್ ಮೊಣಕೈಗಂಟಿದ ಹುಲ್ಲು ಕೊಡವಿಕೊಳ್ಳುತ್ತಾರೆ. ಬಸ್ಸಿಗೆ ಹೊತ್ತಾಗಿದೆ.

"ನನ್ನ ಹೆಸರು ಯಾಕೆ? ಹಿಂದುಗಡೆ ಚೌಕದ ನಂಬರ್ ಹಾಕ್ಸಿ, ಪಕ್ಕದಲ್ಲಿ ಒಂದು ಎತ್ತಿನ ಚಿತ್ರ. ಮುಖ ಎಡಕ್ಕಿರ್ಲಿ, ಅಷ್ಟು ಸಾಕು."