ಘಾನಾದ ಮುದ್ದೆಯಲ್ಲಿ ಗಂಟು

ನಾನು ಹಿಟ್ಟು ತೊಳಸಿ ಕಟ್ಟಿದ ರಾಗಿಮುದ್ದೆಯಲ್ಲಿ ನಮ್ಮತ್ತೆಗೆ ಗಂಟು ಸಿಗದ ದಿನವೇ ಇಲ್ಲ. ತಟ್ಟೆ ಇಟ್ಟ ಕೂಡಲೇ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ, "ಇಲ್ಲೊಂದದೆ" ಅನ್ನುತ್ತಾರೆ, ಆಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಣ್ಣುತ್ತಾರೆ. ಅವರು ಕೆರಗೋಡಿನವರು, ನಾನು ಮಳವಳ್ಳಿ ಹತ್ತಿರದ ಪೂರಿಗಾಲಿಯವಳು. "ಮಳವಳ್ಳಿ ಕಡೆಯೋರ್ಗೆ ಇಟ್ಟು ತೊಳಸೋಕೆ ಬರಾಕಿಲ್ಲ" ಎಂದು ಅವರ ತೀರ್ಮಾನ. ಮದುವೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂದು ನನಗೆ ಆಸೆ. ಆಸೆ ಏನು ಬಂತು, ಹಟ.

ಮಂಡ್ಯದ ನಮ್ಮ ಮನೆಯ ಮಹಡಿಯಲ್ಲಿ ಘಾನಾ ದೇಶದ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ, ಓದಲು ಬಂದವಳು. ಅವಳೂ ಅವಳ ಕಡೆಯವರೂ ಸೇರಿ ಒಂದು ಭಾನುವಾರ ಕಲ್ಯಾಣಮಂಟಪ ಹಿಡಿದು ಹಬ್ಬ ಮಾಡಿದರು. ಡೋಲು, ಊಟ, ಬಟ್ಟೆ, ಬುಟ್ಟಿ, ಮಣಿಸರ ಎಲ್ಲ ಅವರ ಊರಿನವೇ. ನಮ್ಮ ಇಡೀ ಬೀದಿಗೆ ಕರೆ ಬಂದಿತ್ತು. ಅತ್ತೆ ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟರು.

ಅವರ ಹುಡುಗರು ಕೋಲಿಲ್ಲದೆ ಬರಿಗೈಯಲ್ಲೇ ಡೋಲು ಬಡಿಯುತ್ತಿದ್ದರು. ಅತ್ತೆ ಕೂತಲ್ಲೇ ಕಾಲು ಕುಣಿಸುತ್ತಾ, "ನಮ್ಮೂರ್ ತಮಟೆಯೋರ್ಗೂ ಇವ್ರ್ಗೂ ಒಂದ್ ಪಂದ್ಯ ಇಡಿಸ್ಬೇಕು ಕಣಮ್ಮಿ" ಅಂದರು. ಆಮೇಲೆ ಎದ್ದುಹೋಗಿ, ಕರಿಮಣಿಯ ಮೇಲೆ ಹಳದಿ ಗಾಜಿನ ಮಣಿಸರ ಹಾಕಿಕೊಂಡು ಬಂದರು.

ಅಷ್ಟರಲ್ಲಿ ನಮ್ಮ ಮಹಡಿಯ ಹುಡುಗಿ ಅಡುಗೆಮನೆಯಿಂದ ಓಡಿಬಂದಳು. "ಅಜ್ಜಿ, ಬನ್ನಿ!" ಕಣ್ಣಲ್ಲಿ ನೀರು. ಮರಗೆಣಸಿನ ಹಿಟ್ಟಲ್ಲಿ ಮಾಡುವ ಅವರ ಮುದ್ದೆಗೆ ಫುಫು ಅನ್ನುತ್ತಾರೆ. ದಿನಾ ಪುಟ್ಟ ಪಾತ್ರೆಯಲ್ಲಿ ಮಾಡಿಕೊಳ್ಳುವವಳು ಅವತ್ತು ಮದುವೆಮನೆಯ ದೊಡ್ಡ ಪಾತ್ರೆಗೆ ಹಿಟ್ಟು ಸುರಿದು ಕೈಚೆಲ್ಲಿದ್ದಳು. ಹೊರಗೆ ಜನ ಎಲೆ ಮುಂದೆ ಕೂತಾಗಿತ್ತು.

ಅತ್ತೆ ಬಗ್ಗಿ ನೋಡಿದರು. "ಅಯ್ಯಯ್ಯೋ, ಬರೀ ಗಂಟು!" ಬೇರೆಯವರ ಗಂಟು ಕಂಡು ಅವರ ಮುಖ ಅರಳಿಹೋಯಿತು.

ಸೆರಗು ಸಿಕ್ಕಿಸಿ ಹಿಟ್ಟು ತೊಳಸುವ ಕೋಲು ಹಿಡಿದರು. ಆದರೆ ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಮುರಿದುಕೊಂಡಿದ್ದ ಮಣಿಕಟ್ಟು ಒಂದೇ ಸುತ್ತಿಗೆ ಸೋತಿತು. ಅತ್ತಿತ್ತ ನೋಡಿದರು. ಕೆರಗೋಡಿನವರು ಯಾರೂ ಹತ್ತಿರದಲ್ಲಿರಲಿಲ್ಲ. ಕೋಲನ್ನು ನನ್ನ ಕೈಗೆ ತುರುಕಿ ಆ ಹುಡುಗಿಗೆ ಹೇಳಿದರು:

"ಅಳ್ಬ್ಯಾಡ ಕಣವ್ವ. ಇವ್ಳು ನನ್ ಸೊಸೆ. ಇವ್ಳಂಗೆ ಇಟ್ಟು ತೊಳಸೋರು ನಮ್ ಬೀದೀಲೇ ಇಲ್ಲ."

ನಾನು ಕೋಲು ಹಿಡಿದು ಅವರ ಮುಖವನ್ನೇ ನೋಡಿದೆ.

"ಏನ್ ನೋಡ್ತಾ ನಿಂತಿದ್ದೀಯಮ್ಮಿ, ತೊಳಸು!"

ಉರಿ ಸಣ್ಣ ಮಾಡಿ, ಬಿಸಿನೀರು ಚಿಮುಕಿಸಿ, ಗಂಟುಗಳನ್ನೆಲ್ಲ ಪಾತ್ರೆಯ ಅಂಚಿಗೆ ಒತ್ತಿ ಒಡೆದೆ. ಹೊರಗಿನ ಡೋಲಿಗೆ ಸರಿಯಾಗಿ ಕೈ ತಾನೇ ತಿರುಗುತ್ತಿತ್ತು. ಗ್ಯಾಸ್ ಒಲೆ, ಹೊಗೆಯ ನೆಪವೂ ಇರಲಿಲ್ಲ, ಆದರೂ ಕಣ್ಣು ಒರೆಸಿಕೊಂಡೆ. ಅಷ್ಟು ಖುಷಿಯಾಗಿತ್ತು.

ಎಲೆಗೆ ಫುಫು, ಜೊತೆಗೆ ಕಡಲೆಕಾಯಿ ಬೀಜ ಅರೆದು ಹಾಕಿದ ಕೋಳಿ ಸಾರು. ನಮ್ಮ ಬೀದಿಯವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮುರಿದರು, ಸಾರಿಗೆ ಅದ್ದಿದರು, ಅಗಿಯದೆ ನುಂಗಿದರು. ಘಾನಾದವರೂ ಹಾಗೇ ನುಂಗುವವರಂತೆ! ಡೋಲಿನ ಹುಡುಗರು ಶಿಳ್ಳೆ ಹೊಡೆದರು.

ಮಾರನೇ ದಿನ ಅತ್ತೆ ಹಳದಿ ಮಣಿಸರ ಹಾಕಿಕೊಂಡೇ ಊಟಕ್ಕೆ ಕೂತರು. ಹೆಬ್ಬೆರಳು ಮುದ್ದೆಯ ಮೇಲೆ ಹೋಯಿತು.

"ಇಲ್ಲೊಂದದೆ."

"ಎಲ್ಲಿ ತೋರ್ಸಿ ಅತ್ತೆಮ್ಮ" ಅಂದು, ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಬೆರಳನ್ನೇ ಎತ್ತಿ ನೋಡಿದೆ. ಅದರ ಕೆಳಗೆ ಏನೂ ಇರಲಿಲ್ಲ.

ಅತ್ತೆ ನನ್ನ ಮುಖ ನೋಡಲಿಲ್ಲ. "ಇನ್ನೊಂದ್ ಆಕು" ಅಂದರು.