ಅಡ್ಡ ಇದೀಯಾ?

ನಾನು ಎತ್ತರದ ಹೆಂಗಸು, ಅಗಲವೂ ಇದ್ದೇನೆ. ಬೇರೆಯವರು ಹೇಳುವ ಮೊದಲೇ ಇದನ್ನು ನಾನೇ ಹೇಳಿಬಿಡುವುದು ಚಿಕ್ಕಂದಿನ ಅಭ್ಯಾಸ. ನಮ್ಮ ಮನೆಯಲ್ಲಿ ನನ್ನ ಹೆಸರಿಗಿಂತ ಹೆಚ್ಚು ಬಳಕೆಯಾದ ಪದ 'ಅಡ್ಡ'. ಟೀವಿಗೆ ಅಡ್ಡ, ಫ್ಯಾನ್ ಗಾಳಿಗೆ ಅಡ್ಡ, ಮದುವೆ ಫೋಟೋದಲ್ಲಿ ಹಿಂದೆ ನಿಂತ ದೊಡ್ಡಪ್ಪನಿಗೆ ಅಡ್ಡ. ರಾಜಾಜಿನಗರದ ಒಂದು ಕಲ್ಯಾಣ ಮಂಟಪದಲ್ಲಿ ಧಾರೆಯ ಹೊತ್ತಿಗೆ ವಿಡಿಯೋದವನು "ಅಡ್ಡ ನಿಂತಿದೀರಾ ಆಂಟಿ, ಸ್ವಲ್ಪ ಸರ್ಕೊಳ್ಳಿ" ಎಂದ. ಆಗ ನನಗಿನ್ನೂ ಮದುವೆಯೇ ಆಗಿರಲಿಲ್ಲ. ಸಿಟ್ಟಿಗೆ ಊಟ ಬಿಟ್ಟು ಹೊರಟುಬಿಡೋಣ ಎನಿಸಿತ್ತು, ಆದರೆ ಅವತ್ತು ಹೋಳಿಗೆ ಇತ್ತು.

ಅದೇ ಪದ ಹೊಗಳಿಕೆಯಾಗಿ ನನಗೆ ಸಿಕ್ಕಿದ್ದು ಒಂದು ಆಟದಲ್ಲಿ. ಬಸವೇಶ್ವರನಗರದ ನಮ್ಮ ಮನೆಯ ಸಣ್ಣ ಕೋಣೆಯಲ್ಲಿ ಎರಡು ಕಂಪ್ಯೂಟರ್‌ಗಳಿವೆ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ನಾನೂ ನನ್ನ ಗಂಡನೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತೇವೆ. ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆಟ ಅದು. ಒಂದು ಜಾಗಕ್ಕಾಗಿ ಎರಡು ತಂಡಗಳ ಕಿತ್ತಾಟ, ಹಿಡಿದಿಟ್ಟುಕೊಂಡವರು ಗೆದ್ದ ಹಾಗೆ. ತಂಡದಲ್ಲಿ ಕೆಲವರು ಕೊಲ್ಲುವವರು, ಕೆಲವರು ಗಾಯ ವಾಸಿ ಮಾಡುವ ಹೀಲರ್‌ಗಳು. ಇನ್ನುಳಿದವರು ಟ್ಯಾಂಕ್: ದಪ್ಪ ಮೈ, ನಿಧಾನ ನಡಿಗೆ, ಕೈಯಲ್ಲಿ ಬಾಗಿಲಗಲದ ಗುರಾಣಿ. ಎಲ್ಲರ ಮುಂದೆ ನಿಂತು ಏಟು ತಿನ್ನುವುದೇ ಟ್ಯಾಂಕ್ ಕೆಲಸ. ಅಡ್ಡ ನಿಲ್ಲುವುದಕ್ಕೂ ಒಂದು ಹುದ್ದೆ ಇದೆಯೆಂದು ಗೊತ್ತಾದ ದಿನ ನನಗೆ ನಿಜವಾಗಿ ಖುಷಿಯಾಗಿತ್ತು.

ಆಗ ಪ್ರತಿ ತಂಡಕ್ಕೆ ಇಬ್ಬರು ಟ್ಯಾಂಕ್. ನಾನು ಗುರಾಣಿ ಹಿಡಿದು ನಡುವೆ ನಿಲ್ಲುತ್ತಿದ್ದೆ, ಗಂಡ ಇನ್ನೊಬ್ಬ ಟ್ಯಾಂಕ್ ಆಗಿ ಎದುರಾಳಿಗಳ ಮೇಲೆ ನುಗ್ಗುತ್ತಿದ್ದ. ನುಗ್ಗುವ ಮೊದಲು ತಪ್ಪದೆ ಕೇಳುತ್ತಿದ್ದ: "ಅಡ್ಡ ಇದೀಯಾ?"

"ಅಡ್ಡ ಇದೀನಿ, ಹೋಗು."

ಇಷ್ಟೇ ಮಾತು. ಜೊತೆಗೆ ಆಡುತ್ತಿದ್ದವರು ಬಾಪೂಜಿ ನಗರದ, ಬಿನ್ನಿಪೇಟೆಯ ಹುಡುಗರು. ಅವರನ್ನು ಇವತ್ತಿಗೂ ನೋಡಿಲ್ಲ, ಹೆಡ್‌ಫೋನಿನಲ್ಲಿ ಬರುವ ದನಿಯಷ್ಟೇ ಪರಿಚಯ. ಬಿನ್ನಿಪೇಟೆಯವನು ಮೊದಲ ಸಲ ಸೇರಿದಾಗ ನಾನು "ಅಡ್ಡ ಇದೀನಿ" ಎಂದದ್ದನ್ನು ಕ್ಷಮೆ ಕೇಳಿದ್ದೆಂದುಕೊಂಡು, "ಪರ್ವಾಗಿಲ್ಲ ಅಕ್ಕ, ಸ್ವಲ್ಪ ಪಕ್ಕಕ್ಕೆ ಬನ್ನಿ ಸಾಕು" ಎಂದಿದ್ದ. ಪಾಪ, ನಾನು ಪಕ್ಕಕ್ಕೆ ಬಂದಿದ್ದರೆ ಮೊದಲು ಸಾಯುತ್ತಿದ್ದವನು ಅವನೇ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಆಟ ಬದಲಾಯಿತು. ಟ್ಯಾಂಕ್ ಆಗಲು ಯಾರಿಗೂ ಇಷ್ಟವಿಲ್ಲ, ಇಬ್ಬಿಬ್ಬರು ಸಿಗಲಿ ಅಂತ ಮಿಕ್ಕವರು ಕಾಯಬೇಕು, ಆದ್ದರಿಂದ ಇನ್ನು ಮುಂದೆ ತಂಡಕ್ಕೆ ಒಬ್ಬರೇ ಟ್ಯಾಂಕ್ ಎಂದು ಆಟ ಮಾಡಿದವರು ತೀರ್ಮಾನಿಸಿದರು. ಅನ್ಯಾಯವೆಂದು ಹೇಳಲಾರೆ. ಇಷ್ಟವಿಲ್ಲದವರ ಲೆಕ್ಕ ಹಿಡಿದರೆ ಸರಿಯಾದ ತೀರ್ಮಾನವೇ. ಇಷ್ಟವಿದ್ದ ನಮ್ಮಂಥವರ ಗತಿ ಏನೆಂದು ಮಾತ್ರ ಯಾರಿಗೂ ಹೊಳೆದಂತಿಲ್ಲ.

"ನೀನೇ ಇರು. ನಾನು ಹೀಲರ್ ಆಗ್ತೀನಿ," ಎಂದ ಗಂಡ, ಕಾಫಿ ಬೇಕಾ ಎಂದು ಕೇಳುವಷ್ಟು ಸಲೀಸಾಗಿ. ನಾನೂ ಒಪ್ಪಿದೆ. ಒಬ್ಬಳೇ ಆದದ್ದಕ್ಕೆ ಪರಿಹಾರವೆಂಬಂತೆ ಟ್ಯಾಂಕ್‌ಗೆ ಹೆಚ್ಚು ಜೀವ ಕೊಟ್ಟಿದ್ದರು, ಹೆಚ್ಚು ಏಟಿನ ಬಲ ಕೊಟ್ಟಿದ್ದರು. ಗುರಾಣಿಯನ್ನು ಮಾತ್ರ ತೆಳ್ಳಗೆ ಮಾಡಿದ್ದರು. ನಾನು ಮೊದಲಿಗಿಂತ ಹೆಚ್ಚು ಗೆಲ್ಲತೊಡಗಿದೆ. ವಿಚಿತ್ರವೆಂದರೆ ಶನಿವಾರ ಬಂದರೆ ಬೇಸರವಾಗತೊಡಗಿತು.

ಏಕೆಂದು ತುಂಬಾ ದಿನ ತಿಳಿಯಲಿಲ್ಲ. ಎದುರು ತಂಡದವರೆಲ್ಲ ನನ್ನೊಬ್ಬಳ ಮೇಲೆಯೇ ಮುಗಿಬೀಳುತ್ತಿದ್ದರು. ಸೋತರೆ ತಪ್ಪು ಟ್ಯಾಂಕಿನದು, ಗೆದ್ದರೆ ಹೊಡೆದವರದ್ದು. ಕೆಲವು ವಾರಕ್ಕೊಮ್ಮೆ ಹೊಸ ಅಪ್‌ಡೇಟ್: ಗುರಾಣಿ ಒಮ್ಮೆ ದಪ್ಪ, ಒಮ್ಮೆ ತೆಳು, ಜೀವ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಕಾರ್ಡ್ ರಸ್ತೆಯಲ್ಲಿ ದಿನಕ್ಕೊಂದು ತಿರುವು ಮುಚ್ಚಿ ಇನ್ನೊಂದು ತೆರೆಯುತ್ತಾರಲ್ಲ, ಹಾಗೆ. ಹೋಗಬೇಕಾದಲ್ಲಿಗೆ ಹೋಗಿ ಸೇರುತ್ತೇವೆ, ಆದರೆ ದಾರಿ ನಮ್ಮದು ಅನಿಸುವುದಿಲ್ಲ. ಒಂದು ದಿನ ಬಿನ್ನಿಪೇಟೆಯವನು, "ಅಕ್ಕ, ಅಡ್ಡ ಬರ್ತಿದೀರ, ಗುರಿ ಸಿಗ್ತಿಲ್ಲ, ಪಕ್ಕಕ್ಕೆ ಬನ್ನಿ" ಎಂದ. ಈ ಸಲ ಅವನು ತಪ್ಪು ತಿಳಿದಿರಲಿಲ್ಲ. ಗುರಾಣಿ ಅವನನ್ನು ಕಾಯುವಷ್ಟು ಹೊತ್ತು ಉಳಿಯುತ್ತಲೇ ಇರಲಿಲ್ಲ, ಉಳಿದದ್ದು ನನ್ನ ದಪ್ಪ ಮೈ ಮಾತ್ರ. ಕಲ್ಯಾಣ ಮಂಟಪದ ವಿಡಿಯೋದವನು ಹೆಡ್‌ಫೋನಿನೊಳಗೂ ಬಂದುಬಿಟ್ಟನಲ್ಲ ಎಂದು ಅಳುವಷ್ಟು ಸಂಕಟವಾಯಿತು. ಹೆಡ್‌ಫೋನ್ ಕಿತ್ತಿಟ್ಟು ಎದ್ದೆ.

"ಏನಾಯ್ತೇ?" ಎಂದ ಗಂಡ.

"ನಾನಿನ್ನು ಆಡಲ್ಲ."

"ಚೆನ್ನಾಗೇ ಗೆಲ್ತಾ ಇದೀವಲ್ಲ ಕಣೇ!"

"ಗೆದ್ದು ಏನ್ ಮಾಡ್ಲಿ? ನೀನು ಕೇಳೋದೇ ಬಿಟ್ಬಿಟ್ಟಿದೀಯ."

"ಏನ್ ಕೇಳೋದು?"

ಬಾಯಿಗೆ ಬಂದ ಮೇಲೆಯೇ ನನಗೂ ತಿಳಿದದ್ದು. ಅಪ್‌ಡೇಟ್ ಆದಾಗಿನಿಂದ ಅವನು ಒಂದು ಸಲವೂ "ಅಡ್ಡ ಇದೀಯಾ" ಎಂದು ಕೇಳಿರಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಟ್ಯಾಂಕ್ ಒಬ್ಬಳೇ, ಮುಂದೆ ಇರದೆ ಇನ್ನೆಲ್ಲಿರುತ್ತಾಳೆ? ನನ್ನನ್ನು ಬಲಪಡಿಸಿದವರು ಅಂಕಿಗಳಲ್ಲಿ ಎಲ್ಲವನ್ನೂ ಸರಿದೂಗಿಸಿದ್ದರು. ಆ ಪ್ರಶ್ನೆ ಮಾತ್ರ ಯಾವ ಅಂಕಿಯಲ್ಲೂ ಇರಲಿಲ್ಲ. ಹುಟ್ಟಿದಾಗಿನಿಂದ 'ಅಡ್ಡ ಇದೀಯ' ಎಂದು ದೂರುವವರನ್ನೇ ಕೇಳಿದ ಕಿವಿಗೆ, ಅದನ್ನೇ ಭರವಸೆಯಿಂದ ಕೇಳುವವನೊಬ್ಬ ಸಿಕ್ಕಿದ್ದ. ನಾನು ಇಷ್ಟಪಟ್ಟದ್ದು ಅದನ್ನು, ಗುರಾಣಿಯನ್ನಲ್ಲ. ಇದನ್ನೆಲ್ಲ ಅವನಿಗೆ ಹೇಳಿದೆ, ಇಷ್ಟು ಚೆನ್ನಾಗಿ ಅಲ್ಲ, ಅರ್ಧ ಬೈಯುತ್ತಾ. ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿಸಿಕೊಂಡ. ಸಮಾಧಾನ ಹೇಳಲಿಲ್ಲ. "ಮುಂದಿನ ಶನಿವಾರ ಒಂದೇ ಒಂದು ಆಟ ಆಡೋಣ, ಆಮೇಲೆ ಬಿಡೋದಿದ್ರೆ ಬಿಡು," ಎಂದ.

ಮುಂದಿನ ಶನಿವಾರ ಊಟವಾದ ಮೇಲೆ, ಬೇಡಬೇಡವೆಂದುಕೊಂಡೇ ಕೂತೆ. ಆ ಸಲ ಆಟ ಹಳೆಯ ಕೋಟೆಯೊಂದರಲ್ಲಿ: ಇಕ್ಕಟ್ಟಾದ ಒಂದು ಬಾಗಿಲು, ಅದರ ಹಿಂದೆ ನಾವು ಕಾಯಬೇಕಾದ ಜಾಗ. ಎದುರಾಳಿಗಳು ಎಂದಿನಂತೆ ನನ್ನ ಮೇಲೆ ಬಿದ್ದರು. ಗುರಾಣಿ ಹಪ್ಪಳದ ಹಾಗೆ ಮುರಿಯಿತು. ಸತ್ತೆ. ನನ್ನ ಪರದೆ ಬೂದು ಬಣ್ಣಕ್ಕೆ ತಿರುಗಿತು.

ಆಗ ಬೆನ್ನ ಹಿಂದಿನಿಂದ, ಹೆಡ್‌ಫೋನಿನಲ್ಲೂ ಕೋಣೆಯಲ್ಲೂ ಒಟ್ಟಿಗೆ ಕೇಳಿಸಿತು: "ಅಡ್ಡ ಇದೀಯಾ?"

"ಇಲ್ವೋ, ಸತ್ತಿದೀನಿ, ಕಾಣ್ಸಲ್ವಾ?"

"ಸರಿ ಬಿಡು. ನಾನ್ ಇದೀನಿ."

ಸತ್ತವರು ಜೊತೆಯವರ ಆಟವನ್ನು ತಮ್ಮ ಪರದೆಯಲ್ಲೇ ನೋಡಬಹುದು; ಅವನದನ್ನು ಹಾಕಿಕೊಂಡು ನೋಡಿದೆ. ಕಡ್ಡಿಯಂಥ ಮೈಯ ಹೀಲರ್, ಕೈಯಲ್ಲಿ ಗುರಾಣಿಯಿಲ್ಲ, ಗಾಯ ವಾಸಿ ಮಾಡುವ ಕೋಲೊಂದೇ. ಅವನು ಹಿಂದಿನಿಂದ ನಡೆದು ಬಂದು ಬಾಗಿಲ ನಡುವೆ ನಿಂತ. ಹೀಲರ್ ಎಂದೂ ಮಾಡಬಾರದ ಕೆಲಸ. ಬಾಪೂಜಿ ನಗರದವನು "ಗುರು, ಏನ್ ಮಾಡ್ತಿದೀಯಾ? ಹಿಂದೆ ಬಾ!" ಎಂದು ಅರಚಿದ. ಗಂಡ ಹೋಗಲಿಲ್ಲ. ಬಾಗಿಲ ಕಾಲು ಭಾಗವೂ ತುಂಬದ ಆ ಮೈಯನ್ನು ಅಡ್ಡ ಹಾಕಿಕೊಂಡು ನಿಂತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಅವನೂ ಸತ್ತ, ಜಾಗ ಹೋಯಿತು, ಆಟ ಸೋತೆವು.

ನಾನು ನಗುತ್ತಿದ್ದೆ, ಎಷ್ಟೆಂದರೆ ಕಣ್ಣಲ್ಲಿ ನೀರು ಬಂತು. ಬಿನ್ನಿಪೇಟೆಯವನು ಗಾಬರಿಯಾಗಿ "ಅಕ್ಕ, ಹುಷಾರಾಗಿದೀರಾ?" ಎಂದು ಕೇಳಿದ. ಗಂಡ ಕುರ್ಚಿ ತಿರುಗಿಸದೆಯೇ, "ಇನ್ನೊಂದು ಆಡೋಣ್ವಾ, ಇಲ್ಲ ಬಿಡ್ತೀಯಾ?" ಎಂದ.

"ಅಡ್ಡ ಇದೀನಿ," ಎಂದೆ. "ನೀನು ಹಿಂದೆ ಇರು."