ರಾಯದುರ್ಗದಕ್ಕ ಬಿಟ್ಟುಹೋದ ಡಬ್ಬಿ

ಆಗ ನನಗೆ ನಲವತ್ತೊಂಬತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಅದರ ತಂಟೆಗೆ ಹೋಗದೆ ಇದ್ದೆ, ಅಷ್ಟೇ.

ಮೊನ್ನೆ ಭಾನುವಾರ ಮೊಮ್ಮಗಳು ತನ್ನ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹಿಂದೂಪುರದಿಂದ ಮಡಕಶಿರಕ್ಕೆ ಬಂದಿದ್ದಳು. ಆ ಕೂಸು ಒಂದು ಗಳಿಗೆ ನಿಂತ ಕಡೆ ನಿಲ್ಲುವುದಿಲ್ಲ. ಮಂಚದ ಕೆಳಗೆ ತೂರಿ, ತಗಡಿನ ಡಬ್ಬಿಯೊಂದನ್ನು ಎಳೆದು, ಮುಚ್ಚಳ ಕಿತ್ತು, ಒಳಗಿದ್ದದ್ದನ್ನು ಬಾಯಿಗೆ ಹಾಕಿಕೊಂಡಿತು. ನಾನು ಓಡಿಹೋಗಿ ಬೆರಳು ಹಾಕಿ ತೆಗೆದೆ. ಹುಣಸೆ ಬೀಜ. ಒಂದು ಮಗ್ಗುಲು ಕರಿ, ಇನ್ನೊಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ಚೌಕಾಬಾರ ಆಡುವವರು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಡಬ್ಬಿಯಿಂದ ತುಕ್ಕಿನ ವಾಸನೆ ಬಂತು. ಅದರ ಜೊತೆ ಹಸಿ ಸಿಮೆಂಟಿನ ವಾಸನೆಯೂ ಬಂತೋ, ನನ್ನ ಮೂಗಿಗೇ ಹಾಗೆ ಅನ್ನಿಸಿತೋ...

"ಇದೇನಜ್ಜಿ, ಈ ವಯಸ್ಸಲ್ಲಿ ಚೌಕಾಬಾರನಾ?" ಎಂದು ಮೊಮ್ಮಗಳು ನಕ್ಕಳು.

"ಆಟದ್ದಲ್ಲ ಅದು" ಎಂದು ಕಸಿದುಕೊಂಡೆ.

ಅವಳು ಬಂದದ್ದು ಒಂದು ಮಾತು ಕೇಳಲಿಕ್ಕೆ. ಹಿಂದೂಪುರದ ಹತ್ತಿರ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತ ಒಂದು ಓದು ಇದೆಯಂತೆ. ಆರು ತಿಂಗಳು, ಶನಿವಾರ ಭಾನುವಾರ ಬೆಂಗಳೂರಿಗೆ ಹೋಗಬೇಕು, ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೆಟ್.

"ನಾನು ಮಾಡ್ತಿರೋದೇ ಆ ಕೆಲ್ಸ ಅಜ್ಜಿ. ಯಾವ ಮಿಷನ್ನು ಯಾವತ್ತು ಬರ್ಬೇಕು, ಯಾರು ಕೂರಿಸ್ಬೇಕು, ಎಲ್ಲಾ ನಾನೇ ನೋಡ್ಕೊಳ್ಳೋದು. ಅದಕ್ಕೊಂದು ಕಾಗದ ತಗೊಂಡ್ರೆ ಏನಾದ್ರೂ ಆಗ್ತದಾ? ಇಲ್ಲ ಸುಮ್ನೆ ಗೋಡೆಗೆ ನೇತಾಕೋಕಾ?"

"ಮೂರನೇ ಕ್ಲಾಸಿನೋಳನ್ನ ಕೇಳ್ತೀಯಲ್ಲೇ."

"ಎಲ್ಲಾರೂ ಅವರವರಿಗೆ ಬೇಕಾದಂಗೆ ಹೇಳ್ತಾರೆ. ನೀನು ಮುಖ ನೋಡಿ ಮಾತಾಡೋಳಲ್ಲ, ಅದಕ್ಕೇ ಕೇಳ್ತಿರೋದು."

ಇದೇ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವಳು ರಾಯದುರ್ಗದಕ್ಕ. ಡಬ್ಬಿ ಅವಳದು.

ಅವಳಿಗೂ ಹೆಸರಿತ್ತು. ನಾವು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಗುಡಿಬಂಡೆ ರಸ್ತೆಯಲ್ಲಿ ಸರ್ಕಾರದ ಕಾಲೋನಿ ಮನೆ ಕಟ್ಟುವಾಗ ಕಂಟ್ರಾಕ್ಟರ ಜೊತೆ ರಾಯದುರ್ಗದಿಂದ ಬಂದವಳು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. ಅದಕ್ಕೂ ಮೊದಲು ಓಬಳಾಪುರದ ಕಡೆ ಅದಿರು ಕಲ್ಲು ಆರಿಸುತ್ತಿದ್ದಳಂತೆ. ಗಂಡ ಸತ್ತಿದ್ದನೋ ಬಿಟ್ಟಿದ್ದನೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಏಳನೇ ಕ್ಲಾಸು ಓದಿದ್ದಳು. ನಾವು ಹದಿನಾಲ್ಕು ಜನ ಹೆಂಗಸರು ಗಾರೆಯ ಬಾಂಡ್ಲಿ ಹೊರುವವರು, ನಮ್ಮ ಮೇಲೆ ಅವಳು. ಹೆಸರಿಗೆ ಅವಳೂ ಕೂಲಿಯೇ. ಆದರೆ ಆ ಕಾಲೋನಿಯಲ್ಲಿ ಒಂದು ಇಟ್ಟಿಗೆ ಅವಳಿಗೆ ಗೊತ್ತಿಲ್ಲದೆ ಕೂರುತ್ತಿರಲಿಲ್ಲ.

ಡಬ್ಬಿಯ ಮುಚ್ಚಳವನ್ನು ಮಗುಚಿ ಇಟ್ಟು ಅದರಲ್ಲಿ ಬೀಜ ಜೋಡಿಸುತ್ತಿದ್ದಳು. ಒಂದೊಂದು ಬೀಜ ಒಂದೊಂದು ಕೆಲಸ. ಆಗದ ಕೆಲಸಕ್ಕೆ ಕರಿ ಮಗ್ಗುಲು ಮೇಲೆ, ಆದ ಮೇಲೆ ತಿರುವಿ ಬಿಳಿ. ಮೊದಲ ಸಾಲು ಪೂರ್ತಿ ಬೆಳ್ಳಗಾಗುವ ತನಕ ಎರಡನೇ ಸಾಲಿಗೆ ಕೈ ಹಾಕಬಾರದು. ಅವಳ ಕಾನೂನು ಇಷ್ಟೇ. ನೋಡಿದರೆ ಮಕ್ಕಳಾಟ. ಮೋಲ್ಡಿನ ದಿನ ಅದು ಆಟವಲ್ಲ ಅಂತ ಗೊತ್ತಾಗುತ್ತಿತ್ತು.

ಮೋಲ್ಡು ಎಂದರೆ ಮಾಳಿಗೆಗೆ ಕಾಂಕ್ರೀಟು ಸುರಿಯುವ ದಿನ. ಶುರು ಮಾಡಿದರೆ ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ. ನಡುವೆ ನಿಂತರೆ ನಿಂತ ಕಡೆ ಗೆರೆ ಬೀಳುತ್ತದೆ, ಮಳೆ ಬಂದರೆ ಅಲ್ಲೇ ಸೋರುತ್ತದೆ. ಆದ್ದರಿಂದ ಮೊದಲೇ ಎಲ್ಲ ಸಿದ್ಧ ಇರಬೇಕು. ಕಂಬಿ ಕಟ್ಟಿರಬೇಕು, ಕರೆಂಟಿನ ಪೈಪು ಕೂತಿರಬೇಕು, ನೀರಿನ ಡ್ರಮ್ಮು ತುಂಬಿರಬೇಕು, ಮಿಕ್ಸರಿಗೆ ಡೀಸೆಲ್ ಇರಬೇಕು. ಹದಿನಾಲ್ಕು ಜನಕ್ಕೆ ಅನ್ನ ಬೆಂದಿರಬೇಕು. ಹಾಲು ಕುಡಿಯುವ ಮಗು ಇರುವವಳನ್ನು ಸಾಲಿನ ಕೊನೆಗೆ ನಿಲ್ಲಿಸಬೇಕು, ಅವಳು ಎದ್ದುಹೋದರೂ ಸಾಲು ಕಡಿಯಬಾರದು. ಅದಕ್ಕೂ ಒಂದು ಬೀಜ. ಒಡೆಯುವ ತೆಂಗಿನಕಾಯಿಗೂ ಒಂದು ಬೀಜ.

ಒಂದು ಬೆಳಿಗ್ಗೆ ಕಂಟ್ರಾಕ್ಟರು ಬಂದು ಸ್ಕೂಟರಿನ ಮೇಲಿಂದಲೇ ಕೂಗಿದ. "ಏನಮ್ಮಾ, ನಿನ್ನ ಚೌಕಾಬಾರ ಮುಗೀತಾ ಇಲ್ವಾ? ಮಿಕ್ಸರ್ ತಿರುಗ್ಸು!"

"ಒಂದು ಕರೀದು ಐತ್ರಿ. ಪೈಪಿನಾಂವ ಬಂದಿಲ್ಲ."

"ಅವನು ಆಮೇಲೆ ಬರ್ತಾನೆ ಬಿಡು."

"ಆಮ್ಯಾಲೆ ಬಂದು ಕಾಂಕ್ರೀಟ್ ಕಡಿತಾನೇನ್ರಿ? ಕಡಿಯಾಂಗಿದ್ರ ನೀವ ನಿಂತು ಕಡಿಸ್ರಿ, ನಾ ಮನೀಗೆ ಹೋಗ್ತೀನಿ."

ನಾವೆಲ್ಲ ಸೆರಗು ಅಡ್ಡ ಹಿಡಿದು ನಕ್ಕೆವು. ಕಂಟ್ರಾಕ್ಟರನೂ ನಕ್ಕು, ಪೈಪಿನವನನ್ನು ಕರೆತರಲು ತಾನೇ ಸ್ಕೂಟರು ತಿರುಗಿಸಿದ. ಅವಳು ಕೂತಿದ್ದ ಸೈಟಿನಲ್ಲಿ ಒಂದು ಮಾಳಿಗೆಯೂ ಸೋರಲಿಲ್ಲ. ಇವತ್ತಿಗೂ ಹೋಗಿ ನೋಡಬಹುದು.

ಕಾಲೋನಿ ಕೆಲಸ ಮುಗಿಯುತ್ತಾ ಬಂದಾಗ ಕಂಟ್ರಾಕ್ಟರು ಒಂದು ಸುದ್ದಿ ತಂದ. ಮುಂದಿನದು ಸ್ಕೂಲು ಬಿಲ್ಡಿಂಗು, ದೊಡ್ಡ ಕೆಲಸ. ಅದಕ್ಕೆ ಸರ್ಟಿಫಿಕೆಟ್ ಇರುವ ಸೂಪರ್‌ವೈಸರು ಇರಲೇಬೇಕು ಎಂದು ಸರ್ಕಾರಿ ಆಫೀಸಿನವರು ಹೇಳಿದ್ದಾರೆ. ಅನಂತಪುರದಲ್ಲಿ ಮೂರು ತಿಂಗಳ ಟ್ರೈನಿಂಗು ಇದೆ, ಏಳನೇ ಕ್ಲಾಸಾದರೆ ಸಾಕು, ಅಲ್ಲೇ ಊಟ, ಅಲ್ಲೇ ವಸತಿ. "ನೀನು ಹೋಗಿ ಕಾಗದ ತಗೊಂಡು ಬಾ, ಕುರ್ಚಿ ಹಾಕಿ ನಿನ್ನೇ ಕೂರಿಸ್ತೀನಿ" ಎಂದ. ಅವನು ಹಾಗೆ ಸುಮ್ಮನೆ ಹೇಳುವವನಲ್ಲ.

ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆದು ಹೊಂಗೆ ಮರದ ಕೆಳಗೆ ಕೂತಿದ್ದೆವು. ರಾಯದುರ್ಗದಕ್ಕ ಡಬ್ಬಿಯಿಂದ ಒಂದು ಬೀಜ ತೆಗೆದು ಮುಚ್ಚಳದ ಅಂಚಿಗೆ ಇಟ್ಟಳು, ಕರಿ ಮಗ್ಗುಲು ಮೇಲೆ ಮಾಡಿ.

"ಇದು ಯಾತುಕ್ಕಕ್ಕ?" ಎಂದೆ.

"ಇದು ನಂದು. ಹೋಗ್ಲೋ ಬ್ಯಾಡೋ, ನೀ ಹೇಳು ತಂಗಿ. ಮೂರು ತಿಂಗಳು ನಾ ಇಲ್ಲ ಅಂದ್ರ ಈ ಮಂದಿ ಚದುರಿ ಹೋಗ್ತತಿ. ಬ್ಯಾರೆಯವರು ಬಂದು ಕುಂತ್ರ ನಾ ಕಾಗದ ತಗೊಂಡು ಬಂದು ಏನ್ ಮಾಡ್ಲಿ? ನೀ ಡಬ್ಬಿ ಹಿಡೀತೀ ಅಂದ್ರ ಹೋಗ್ತೀನಿ."

ಅವಳು ಕೇಳಿದ್ದು ಇಷ್ಟೇ. ಮೂರು ತಿಂಗಳು.

ನನಗೆ ಆ ಕೆಲಸ ಬರುತ್ತಿತ್ತು. ಮೂರು ವರ್ಷ ಅವಳ ಪಕ್ಕದಲ್ಲೇ ಕೂತು ನೋಡಿದ್ದೆ. ಅವಳಿಗೆ ಜ್ವರ ಬಂದು ಮಲಗಿದಾಗ ನಾನೇ ಬೀಜ ತಿರುವಿ ಎರಡು ಮೋಲ್ಡು ಮುಗಿಸಿದ್ದೆ. ಆದರೆ ಡಬ್ಬಿ ಹಿಡಿದವಳು ಮೇಲಿನವರಿಂದಲೂ ಬೈಸಿಕೊಳ್ಳಬೇಕು, ಕೆಳಗಿನವರಿಂದಲೂ ಬೈಸಿಕೊಳ್ಳಬೇಕು. ನನಗೆ ಅದು ಬೇಡವಾಗಿತ್ತು. ಬಾಂಡ್ಲಿ ಹೊತ್ತು, ಐದು ಗಂಟೆಗೆ ಕೈಕಾಲು ತೊಳೆದು ಮನೆಗೆ ಹೋಗುವುದು ನನಗೆ ಚೆನ್ನಾಗಿತ್ತು. ಅದನ್ನೇ ಹಾಗೇ ಹೇಳಬಹುದಿತ್ತು. ಹೇಳಲಿಲ್ಲ.

"ನಿಂಗ್ಯಾಕಕ್ಕ ಆ ಕಾಗದ?" ಎಂದೆ. "ಕಾಗದ ಐತೆ ಅಂತ ಮಾಳಿಗೆ ನಿಲ್ತದಾ? ಅಲ್ಲಿ ಹೇಳ್ಕೊಡೋರೇ ನಿನ್ನತ್ರ ಬಂದು ಕಲೀಬೇಕು. ನಿಂಗೆ ಅವರೇನು ಕಲಿಸ್ತಾರೆ, ಮಣ್ಣು? ನನ್ನ ಕೈಲಿ ಇದೆಲ್ಲ ಆಗಲ್ಲ ಕಣಕ್ಕ. ಆದ್ರೂ ಅದು ಬೇರೆ ಮಾತು. ನಿಂಗೆ ಬೇಕಾಗೇ ಇಲ್ಲ."

ಉಳಿದವರೂ "ಹೌದು ಕಣಕ್ಕ, ಹೌದು ಕಣಕ್ಕ" ಎಂದರು. ಹೊಗಳಿದರೆ ಯಾರಿಗೆ ಹಿತವಲ್ಲ? ಅವಳ ಮುಖ ಅರಳಿತು. ಆದರೂ ನನ್ನ ಮುಖ ನೋಡಿ, ಅಂಚಿನ ಬೀಜವನ್ನು ಡಬ್ಬಿಗೆ ಹಾಕಿದಳು. "ಹಂಗಂತೀಯಾ..." ಎಂದು ಡಬ್ಬಿ ಮುಚ್ಚಿದಳು. ಅವಳು ಅನಂತಪುರಕ್ಕೆ ಹೋಗಲಿಲ್ಲ.

ಸ್ಕೂಲು ಬಿಲ್ಡಿಂಗಿಗೆ ಧರ್ಮಾವರದ ಕಡೆಯ ಒಬ್ಬ ಹುಡುಗಿ ಬಂದಳು, ಅದೇ ಟ್ರೈನಿಂಗು ಮುಗಿಸಿದವಳು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಅವಳು ಕೆಟ್ಟವಳಾಗಿದ್ದರೆ, ದಡ್ಡಿಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹಾಗಿರಲಿಲ್ಲ. ರಾಯದುರ್ಗದಕ್ಕನ ಪಕ್ಕ ನೆಲದ ಮೇಲೆ ಕೂತು ಬೀಜದ ಲೆಕ್ಕ ಪೂರ್ತಿ ಕೇಳಿಕೊಂಡಳು. ಆಮೇಲೆ ತನ್ನ ನೋಟುಬುಕ್ಕು ಬಿಚ್ಚಿ ತೋರಿಸಿದಳು. ಅದರಲ್ಲಿ ಸಾಲು ಸಾಲು ಚೌಕ, ಒಂದು ಮುಗಿಯದೆ ಇನ್ನೊಂದಕ್ಕೆ ಹೋಗಬಾರದು ಎಂದು ಬಾಣದ ಗುರುತು. "ನೀವು ಮಾಡೋದನ್ನೇ ನಮಗೆ ಅಲ್ಲಿ ಕಲಿಸಿದ್ದು ಅಕ್ಕಾ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಹೇಳಿ ಕುರ್ಚಿಯಲ್ಲಿ ಕೂತಳು. ಕುರ್ಚಿ ಇದ್ದದ್ದು ಒಂದೇ. ರಾಯದುರ್ಗದಕ್ಕ ನಮ್ಮ ಸಾಲಿಗೆ ಬಂದು ಬಾಂಡ್ಲಿ ಹೊತ್ತಳು.

ಒಂದು ದಿನ ಆಫೀಸಿನ ದೊಡ್ಡವರು ಬಂದರು. ಕೆಲಸ ಇಷ್ಟು ಅಚ್ಚುಕಟ್ಟಾಗಿ ಯಾರು ನಡೆಸುತ್ತಿದ್ದಾರೆ ಎಂದು ಕೇಳಿದರು. ಆ ಹುಡುಗಿ, ಇವರನ್ನು ಕೇಳಿಕೊಂಡೇ ಮಾಡುವುದು ಎಂದು, ತಲೆ ಮೇಲೆ ಬಾಂಡ್ಲಿ ಹೊತ್ತು ನಿಂತಿದ್ದ ರಾಯದುರ್ಗದಕ್ಕನನ್ನು ತೋರಿಸಿದಳು. ದೊಡ್ಡವರು ಒಂದು ಸಲ ನೋಡಿ, "ಕಾಗಿತಂ ಲೇದು ಕದಮ್ಮಾ" ಎಂದು ತೆಲುಗಿನಲ್ಲಿ ಹೇಳಿ ಮುಂದೆ ಹೋದರು. ಕಾಗದ ಇಲ್ಲವಲ್ಲಮ್ಮ. ಅಷ್ಟೇ ಮಾತು. ಬೈದದ್ದೂ ಅಲ್ಲ.

ಅದನ್ನಾದರೂ ಅವಳು ನುಂಗಿಕೊಂಡಳು. ಇನ್ನೊಂದು ನಡೆಯಿತು. ಹುಡುಗಿ ರಜೆಯ ಮೇಲೆ ಊರಿಗೆ ಹೋದ ದಿನ ಮೆಟ್ಟಿಲಿನ ಪಾಯ ತೆಗೆಸಬೇಕಿತ್ತು. ಪ್ಲಾನು ರಾಯದುರ್ಗದಕ್ಕನ ಕೈಯಲ್ಲಿ ಕೊಟ್ಟು ಹೋಗಿದ್ದಳು. ಕಾಲೋನಿಯ ಮನೆಗಳೆಲ್ಲ ಒಂದೇ ಥರ, ಅಲ್ಲಿ ಪ್ಲಾನು ನೋಡುವ ಕೆಲಸವೇ ಬಿದ್ದಿರಲಿಲ್ಲ. ಅವಳು ಆ ಹಾಳೆಯನ್ನು ತಿರುವಿ ಮುರುವಿ ನೋಡಿ, ಕೊನೆಗೆ ಪಡುವಣ ಮಗ್ಗುಲಿಗೆ ಅಗೆಸಿದಳು. ಮೆಟ್ಟಿಲು ಬರಬೇಕಿದ್ದದ್ದು ಮೂಡಣಕ್ಕೆ. ಮಾರನೇ ದಿನ ಹುಡುಗಿ ಬಂದು ನೋಡಿ "ಮುಚ್ಚಿಸೋಣ ಅಕ್ಕಾ" ಎಂದಳು. ಆ ಗುಂಡಿ ಮುಚ್ಚಿದವರು ನಾನೂ ಅವಳೂ. ಮಣ್ಣು ಎಳೆಯುತ್ತಾ ಅವಳು ಹೇಳಿದಳು:

"ಬರೇ ಕಾಗದ ಅಲ್ಲ ತಂಗಿ ಅದು. ಪ್ಲಾನ್ ಓದಾಕ ಕಲಿಸ್ತಿದ್ರಂತ."

ನಾನು ಸನಿಕೆ ಆಡಿಸುತ್ತಲೇ ಇದ್ದೆ. ಕಲಿಸುವುದೇನಿದೆ, ಮಣ್ಣಾ ಎಂದು ಕೇಳಿದ್ದವಳು ನಾನೇ ಅಲ್ಲವೇ...

ಸ್ಕೂಲು ಮುಗಿದ ಮೇಲೆ ಅವಳು ನಿಲ್ಲಲಿಲ್ಲ. ರಾಯದುರ್ಗದಲ್ಲಿ ತಮ್ಮನ ಮಗಳ ಮನೆ ಇತ್ತು. ಅಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ದಾರ ಕತ್ತರಿಸುವ ಕೆಲಸ ಸಿಗುತ್ತದೆ, ಕೂತು ಮಾಡಬಹುದು ಎಂದಳು. ಪಾವಗಡದ ಬಸ್ಸಿಗೆ ಹತ್ತಿಸಲು ನಾನೇ ಹೋಗಿದ್ದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಡಬ್ಬಿ ಚಾಚಿದಳು.

"ಇಟ್ಕೋ. ನಿನಗ ಬರ್ತತಿ ಇದು."

"ನನಗೆಲ್ಲಿ ಬರ್ತದಕ್ಕ" ಎಂದೆ. ಆಗಲೂ ಅದೇ ಸುಳ್ಳು.

"ಬರ್ತತಿ. ಅವತ್ತೂ ನನಗ ಗೊತ್ತಿತ್ತು" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ತಿರುಗಿ ಏನಾದರೂ ಅಂದು ಹಗುರವಾಗುತ್ತಿದ್ದೆ.

ನಾನು ಆ ಡಬ್ಬಿಯನ್ನು ಯಾವ ಸೈಟಿಗೂ ತೆಗೆದುಕೊಂಡು ಹೋಗಲಿಲ್ಲ. ನಮ್ಮ ಹದಿನಾಲ್ಕು ಜನ ದಿಕ್ಕಿಗೊಬ್ಬರಾದರು. ರಾಯದುರ್ಗ ಏನು ಕಾಶಿಯಲ್ಲ. ಪಾವಗಡದಲ್ಲಿ ಇಳಿದು, ಕಲ್ಯಾಣದುರ್ಗದಲ್ಲಿ ಇಳಿದು ಬಸ್ಸು ಬದಲಾಯಿಸಿದರೆ ಮಧ್ಯಾಹ್ನದೊಳಗೆ ಹೋಗಿ ಸೇರಬಹುದು. ಹೋಗಲಿಲ್ಲ. ಮೂರು ವರ್ಷದ ಹಿಂದೆ ಆ ಕಡೆಯಿಂದ ಬಂದ ಸೆಂಟ್ರಿಂಗ್ ಕೆಲಸದವನೊಬ್ಬ ರಾಯದುರ್ಗದಕ್ಕ ತೀರಿಹೋದಳೆಂದು ಹೇಳಿದ. ಅಷ್ಟರಲ್ಲಿ ತಿಥಿಯೂ ಮುಗಿದು ತಿಂಗಳುಗಳಾಗಿದ್ದವು. ನನಗೆ ಅಳು ಬಂತಾ ಅಂತ ಕೇಳಿದರೆ, ಬರಲಿಲ್ಲ. ಡಬ್ಬಿಯನ್ನು ಗೂಡಿನಿಂದ ತೆಗೆದು ಮಂಚದ ಕೆಳಗೆ ತಳ್ಳಿದೆ.

ಮೊನ್ನೆ ಭಾನುವಾರ ಮೊಮ್ಮಗಳ ಎದುರಿಗೆ ಆ ಬೀಜಗಳನ್ನು ಮುಚ್ಚಳಕ್ಕೆ ಸುರಿದುಕೊಂಡು ಕೂತೆ. ಅವತ್ತು ಅಂಚಿನಲ್ಲಿ ಇಟ್ಟ ಅವಳ ಬೀಜ ಇದರಲ್ಲೇ ಇರಬೇಕು. ಯಾವುದೋ ಗೊತ್ತಿಲ್ಲ. ಎಲ್ಲವೂ ಒಂದೇ ಥರ ಕಾಣುತ್ತವೆ.

"ಹೇಳಜ್ಜಿ. ಓದ್ಲಾ ಬೇಡ್ವಾ?"

'ನಿಂಗ್ಯಾಕೆ ಆ ಕಾಗದ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಿಜ ಹೇಳುತ್ತೇನೆ, ಬಂತು. ನುಂಗಿಕೊಂಡು ಬೇರೆ ಕೇಳಿದೆ.

"ಶನಿವಾರ ಭಾನುವಾರ ನೀನು ಬೆಂಗಳೂರಿಗೆ ಹೋದ್ರೆ ಕೂಸನ್ನ ಯಾರು ನೋಡ್ಕೊಂತಾರೆ? ನಿನ್ನ ಗಂಡ?"

"ಅವರಿಗೆ ಭಾನುವಾರವೂ ಅಂಗಡಿ ಅಲ್ವಾ..." ಎಂದು ಮಗುವಿನ ಮೂಗು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದಳು. "ಯಾರೂ ಇಲ್ಲ. ಅದಕ್ಕೇ, ಬೇಡ ಅಂತ ಯಾರಾದ್ರೂ ಗಟ್ಟಿಯಾಗಿ ಹೇಳಿಬಿಟ್ರೆ ಸುಮ್ನಾಗಿಬಿಡ್ತೀನಿ ಅನ್ಸಿತ್ತು."

ಆ ಓದಿನಿಂದ ಅವಳಿಗೆ ಏನು ಸಿಗುತ್ತದೋ ನನಗೆ ಗೊತ್ತಿಲ್ಲ. ಸಿಗದೆಯೂ ಹೋಗಬಹುದು. ಅದನ್ನೇ ಹೇಳಿದೆ, ಗೊತ್ತಿಲ್ಲ ಅಂತ. ಅವಳು ಸಾಯಂಕಾಲದ ಬಸ್ಸಿಗೆ ಹೊರಟುಹೋದಳು. ರಾಯದುರ್ಗದಕ್ಕ ಕೇಳಿದ್ದೂ ಕಾಗದದ ಬೆಲೆಯನ್ನಲ್ಲ, ಮೂರು ತಿಂಗಳು ಡಬ್ಬಿ ಹಿಡಿಯುವ ಒಂದು ಕೈಯನ್ನು. ಅದು ನನ್ನ ಹತ್ತಿರ ಇತ್ತು, ಕೊಡಲಿಲ್ಲ. ಈಗ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಲು ಅವಳಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ನಾಲ್ಕು ಸೀರೆ, ಮೊಣಕಾಲಿನ ಎಣ್ಣೆ, ಒಂದು ಸೇರು ರಾಗಿ ಹಿಟ್ಟು ಚೀಲಕ್ಕೆ ಹಾಕಿಕೊಂಡೆ. ಡಬ್ಬಿಯನ್ನು, ಕೂಸು ಇನ್ನೊಮ್ಮೆ ಬಂದರೆ ಕೈಗೆ ಸಿಗದಷ್ಟು ಎತ್ತರದ ಗೂಡಿನಲ್ಲಿಟ್ಟೆ. ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು, "ಆರು ತಿಂಗಳು ನಾನು ಇರಲ್ಲ" ಎಂದು ಹೇಳಿ, ಹಿಂದೂಪುರದ ಮೊದಲ ಬಸ್ಸು ಹತ್ತಿದೆ.